ಬ್ರಿಟನ್‌ನಲ್ಲಿ ಮೊಬೈಲ್, ಬ್ರಾಡ್‌ಬ್ಯಾಂಡ್ ದರ ಏರಿದಾಗ: ದಂಡ ಕಟ್ಟದೆ ಕಾಂಟ್ರಾಕ್ಟ್ ಬಿಡುವುದು ಯಾವಾಗ, ಹೇಗೆ

ಬ್ರಿಟನ್‌ನಲ್ಲಿ ಮಾರ್ಚ್ ಕೊನೆ ಮತ್ತು ಏಪ್ರಿಲ್ ಎಂದರೆ ಫೋನ್ ಬಿಲ್ ಏರುವ ಕಾಲ. ಊರಲ್ಲಿ ರೀಚಾರ್ಜ್ ಮಾಡಿಸಿ ಅಭ್ಯಾಸವಾದವರಿಗೆ ಇದು ಹೊಸ ಲೋಕ. ಕರ್ನಾಟಕದಲ್ಲಿ ಪ್ರಿಪೇಯ್ಡ್ ದರ ಏರಿದರೆ ನಂಬರ್ ಪೋರ್ಟ್ ಮಾಡಿಸಿಕೊಂಡು ಬೇರೆ ಕಂಪನಿಗೆ ಹೋಗಬಹುದು, ಯಾರೂ ತಡೆಯುವುದಿಲ್ಲ. ಬ್ರಿಟನ್‌ನಲ್ಲಿ ಬಹಳ ಜನ 12, 18 ಅಥವಾ 24 ತಿಂಗಳ ಕಾಂಟ್ರಾಕ್ಟ್‌ನಲ್ಲಿ ಇರುತ್ತಾರೆ. ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಲೆಕ್ಕ ಹಾಕಿ ಶುಲ್ಕ ಕೇಳುತ್ತಾರೆ. ಹಾಗಾಗಿ "ದರ ಏರಿಸಿದ್ದು ಅವರು, ನಾನು ಬಿಟ್ಟರೆ ದಂಡ ಯಾಕೆ ಕಟ್ಟಬೇಕು?" ಎಂಬ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ.

ಇದಕ್ಕೆ ಉತ್ತರ ದರ ಏರಿಕೆಯ ಪತ್ರದಲ್ಲಿ ಹುಡುಕಿದರೆ ಸಿಗುವುದಿಲ್ಲ. ನೀವು ಸೇರಿದ ದಿನ ಕೈಗೆ ಕೊಟ್ಟ ಕಾಗದದಲ್ಲಿದೆ. ಏರಿಕೆ ಎಷ್ಟು ದೊಡ್ಡದು ಎಂಬುದು ಇಲ್ಲಿ ಮುಖ್ಯವೇ ಅಲ್ಲ. ಆ ಏರಿಕೆಯನ್ನು ಕಾಂಟ್ರಾಕ್ಟ್‌ನಲ್ಲಿ ಮೊದಲೇ ಹೇಳಿದ್ದರೇ, ಹೇಳಿದಷ್ಟೇ ಏರಿಸಿದರೇ ಎಂಬುದಷ್ಟೇ ಮುಖ್ಯ. ಮೊದಲೇ ಹೇಳಿದ್ದ ಏರಿಕೆ ಎಷ್ಟೇ ಇರಲಿ, ಅದಕ್ಕೆ ನೀವು ಒಪ್ಪಿದ್ದೀರಿ ಎಂದೇ ಲೆಕ್ಕ. ಹೇಳದೆ ಏರಿಸಿದ್ದು, ಅಥವಾ ಹೇಳಿದ್ದಕ್ಕಿಂತ ಹೆಚ್ಚು ಏರಿಸಿದ್ದು ಕೆಲವೇ ಪೆನ್ಸ್ ಇರಲಿ, ಅದು ಕಾಂಟ್ರಾಕ್ಟ್‌ನ ಬದಲಾವಣೆ. ಆಗ ದಂಡವಿಲ್ಲದೆ ಹೊರಬರುವ ಹಕ್ಕು ನಿಮ್ಮದು.

ಯಾವ ಕಾಗದ ನೋಡಬೇಕು

2022ರ ಜೂನ್ 17ರಿಂದ ಬ್ರಿಟನ್‌ನ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್‌ನ ನಿಯಮದಂತೆ, ಗ್ರಾಹಕರು ಒಪ್ಪುವ ಮೊದಲೇ ಕಂಪನಿಗಳು ಎರಡು ಕಾಗದ ಕೊಡಬೇಕು. ಒಂದು, ಕಾಂಟ್ರಾಕ್ಟ್‌ನ ಪೂರ್ಣ ವಿವರ. ಇನ್ನೊಂದು, ಕಾಂಟ್ರಾಕ್ಟ್ ಸಮರಿ ಎಂಬ ಚಿಕ್ಕ ಸಾರಾಂಶ. ಬೆಲೆ, ಅವಧಿ, ವೇಗ, ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದೆಲ್ಲ ಈ ಸಮರಿಯಲ್ಲಿ ಇರುತ್ತದೆ. ಸಾಮಾನ್ಯವಾಗಿ ಸೇರಿದ ದಿನವೇ ಇಮೇಲ್‌ಗೆ ಪಿಡಿಎಫ್ ಆಗಿ ಬಂದಿರುತ್ತದೆ. ಅದನ್ನು ಹುಡುಕಿ ತೆಗೆಯುವುದೇ ಮೊದಲ ಕೆಲಸ. ಸಿಗದಿದ್ದರೆ ಕಂಪನಿಯ ಆ್ಯಪ್‌ನಲ್ಲಿ ನಿಮ್ಮ ಖಾತೆಯ ದಾಖಲೆಗಳ ವಿಭಾಗದಲ್ಲಿ ನೋಡಿ. ಅಲ್ಲೂ ಇಲ್ಲದಿದ್ದರೆ ಚಾಟ್‌ನಲ್ಲಿ ಕೇಳಿ ಪಡೆಯಿರಿ. ಕಂಪನಿಯ ವೆಬ್‌ಸೈಟ್‌ನಲ್ಲಿ ಇವತ್ತು ಕಾಣುವ ನಿಯಮಗಳನ್ನು ಓದಿ ತೀರ್ಮಾನಕ್ಕೆ ಬರಬೇಡಿ. ಅವು ಇವತ್ತು ಸೇರುವವರಿಗೆ. ನಿಮಗೆ ಅನ್ವಯಿಸುವುದು ನೀವು ಸೇರಿದ ದಿನ ಜಾರಿಯಲ್ಲಿದ್ದ ನಿಯಮ.

ಆ ಸೇರಿದ ದಿನಾಂಕದಲ್ಲೇ ಒಂದು ದೊಡ್ಡ ಗೆರೆ ಇದೆ: 2025ರ ಜನವರಿ 17.

ಅದಕ್ಕೂ ಮುಂಚೆ ಹಲವು ದೊಡ್ಡ ಕಂಪನಿಗಳು ಹಣದುಬ್ಬರಕ್ಕೆ ಗಂಟು ಹಾಕಿದ ಷರತ್ತು ಬರೆಯುತ್ತಿದ್ದವು: ಪ್ರತಿ ವಸಂತದಲ್ಲಿ ಹಣದುಬ್ಬರದ ದರ, ಅದರ ಮೇಲೆ 3.9% ಸೇರಿಸಿ ಏರಿಕೆ. ಕೇಳಲು ಸಣ್ಣ ಮಾತು. 2023ರಲ್ಲಿ ಅದರ ನಿಜವಾದ ಭಾರ ಗೊತ್ತಾಯಿತು. ಗ್ರಾಹಕ ಬೆಲೆ ಸೂಚ್ಯಂಕವನ್ನು ಹಿಡಿದಿದ್ದ ಕಂಪನಿಗಳ ಏರಿಕೆ 10.5 ಮತ್ತು 3.9 ಸೇರಿ 14.4% ಆಯಿತು. ಚಿಲ್ಲರೆ ಬೆಲೆ ಸೂಚ್ಯಂಕ ಹಿಡಿದಿದ್ದ ಕಡೆ 13.4 ಮತ್ತು 3.9 ಸೇರಿ 17.3%ಕ್ಕೆ ಹೋಯಿತು. ತಿಂಗಳಿಗೆ 30 ಪೌಂಡ್ ಕಟ್ಟುತ್ತಿದ್ದವರಿಗೆ ಒಂದೇ ಏಟಿಗೆ 5 ಪೌಂಡ್ 19 ಪೆನ್ಸ್ ಹೆಚ್ಚು. ಆದರೂ ಅದು ಕಾಂಟ್ರಾಕ್ಟ್‌ನಲ್ಲಿ ಬರೆದಿದ್ದ ಏರಿಕೆಯಾದ್ದರಿಂದ ಯಾರಿಗೂ ದಂಡವಿಲ್ಲದೆ ಬಿಡುವ ಹಕ್ಕು ಹುಟ್ಟಲಿಲ್ಲ. ಮುಂದಿನ ವರ್ಷದ ಹಣದುಬ್ಬರ ಎಷ್ಟೆಂದು ಸಹಿ ಹಾಕುವಾಗ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಮೊತ್ತಕ್ಕೆ ಸಹಿ ಹಾಕಿಸಿಕೊಳ್ಳುವುದು ನ್ಯಾಯವಲ್ಲ ಎಂಬ ದೂರು ಬಲವಾದ ಮೇಲೆ ಆಫ್‌ಕಾಮ್ ಇಂಥ ಷರತ್ತನ್ನು ಹೊಸ ಕಾಂಟ್ರಾಕ್ಟ್‌ಗಳಲ್ಲಿ ನಿಷೇಧಿಸಿತು.

2025ರ ಜನವರಿ 17ರಿಂದ ಆಗುವ ಕಾಂಟ್ರಾಕ್ಟ್‌ಗಳಲ್ಲಿ ಏರಿಕೆ ಇದ್ದರೆ ಅದನ್ನು ಪೌಂಡ್ ಮತ್ತು ಪೆನ್ಸ್‌ನಲ್ಲೇ ಹೇಳಬೇಕು. ಯಾವ ತಿಂಗಳು ಏರುತ್ತದೆ ಎಂಬುದನ್ನೂ ಹೇಳಬೇಕು. ಅದೂ ಸಹಿಗೆ ಮೊದಲು, ಎದ್ದು ಕಾಣುವಂತೆ. ಈ ನಿಯಮ ಏರಿಕೆಯನ್ನು ನಿಲ್ಲಿಸಲಿಲ್ಲ, ಎಷ್ಟು ಎಂಬುದನ್ನು ಮುಂಚಿತವಾಗಿ ತೋರಿಸುವಂತೆ ಮಾಡಿತು ಅಷ್ಟೆ. ಇಲ್ಲೇ ಬಹಳ ಜನ ಎಡವುತ್ತಾರೆ. "ಮಧ್ಯದಲ್ಲಿ ದರ ಏರಿಸುವುದನ್ನು ನಿಷೇಧಿಸಿದ್ದಾರಂತೆ" ಎಂದು ನಂಬಿ ಕಂಪನಿಯೊಂದಿಗೆ ವಾದಕ್ಕಿಳಿದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ.

ಹೊಸ ನಿಯಮ ನಿಜವಾಗಿ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ 2025ರ ಅಕ್ಟೋಬರ್‌ನ ಒಂದು ಪ್ರಸಂಗ ಸಾಕು. ತಿಂಗಳಿಗೆ 1 ಪೌಂಡ್ 80 ಪೆನ್ಸ್ ಏರಿಕೆ ಎಂದು ಹೇಳಿ ಗ್ರಾಹಕರನ್ನು ಸೇರಿಸಿಕೊಂಡಿದ್ದ ಓ2 ಕಂಪನಿ, 2026ರ ಏಪ್ರಿಲ್‌ನಿಂದ ಅದು 2 ಪೌಂಡ್ 50 ಪೆನ್ಸ್ ಆಗುತ್ತದೆ ಎಂದು ಪ್ರಕಟಿಸಿತು. ವ್ಯತ್ಯಾಸ ತಿಂಗಳಿಗೆ 70 ಪೆನ್ಸ್, ವರ್ಷಕ್ಕೆ 8 ಪೌಂಡ್ 40 ಪೆನ್ಸ್. 2023ರ 17.3%ರ ಮುಂದೆ ಇದು ಏನೇನೂ ಅಲ್ಲ. ಆದರೆ ಕಾಗದದಲ್ಲಿ ಇದ್ದದ್ದು 1.80, ಬಂದದ್ದು 2.50. ಆದ್ದರಿಂದ ಆ ಗ್ರಾಹಕರಿಗೆ ದಂಡವಿಲ್ಲದೆ ಬಿಡಲು 30 ದಿನ ಸಿಕ್ಕಿತು. ಆಫ್‌ಕಾಮ್ ಕೂಡ ಈ ನಡೆಯ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ಹೇಳಿತು. ಅಷ್ಟಾದರೂ ಏರಿಕೆ ನಿಯಮಬಾಹಿರವಾಗಿರಲಿಲ್ಲ, ಏಕೆಂದರೆ ಬಾಗಿಲು ತೆರೆದಿಟ್ಟಿದ್ದರು. ನಿಯಮ ಕೇಳುವುದು ಅಷ್ಟನ್ನೇ: ಮಾತು ಬದಲಿಸುವುದಾದರೆ ಗ್ರಾಹಕರನ್ನು ಬಿಟ್ಟುಕೊಡಲು ಸಿದ್ಧರಿರಿ.

ಯಾವ ಬದಲಾವಣೆಗೆ ಹಕ್ಕು ಹುಟ್ಟುವುದಿಲ್ಲ

ಮೂರು ಬಗೆಯ ಬದಲಾವಣೆಗೆ ವಿನಾಯಿತಿ ಇದೆ. ಪೂರ್ತಿ ನಿಮ್ಮ ಲಾಭಕ್ಕೇ ಆಗಿದ್ದು, ಉದಾಹರಣೆಗೆ ಅದೇ ಬೆಲೆಗೆ ಹೆಚ್ಚು ಡೇಟಾ. ನಿಮಗೆ ಯಾವ ಕೆಡುಕೂ ಮಾಡದ ಬರೀ ಆಡಳಿತದ ಬದಲಾವಣೆ, ಉದಾಹರಣೆಗೆ ಕಂಪನಿಯ ವಿಳಾಸ. ಮತ್ತು ಕಾನೂನೇ ನೇರವಾಗಿ ಹೇರಿದ್ದು, ಉದಾಹರಣೆಗೆ ಸರ್ಕಾರ ವ್ಯಾಟ್ ಏರಿಸಿದರೆ. ಉಳಿದ ಯಾವ ಬದಲಾವಣೆಯಾದರೂ ಕಂಪನಿ ಕನಿಷ್ಠ ಒಂದು ತಿಂಗಳ ಮುಂಚೆ ನಿಮಗೆ ತಿಳಿಸಬೇಕು, ದಂಡವಿಲ್ಲದೆ ಬಿಡಬಹುದು ಎಂಬುದನ್ನೂ ಅದೇ ಪತ್ರದಲ್ಲಿ ಹೇಳಬೇಕು. "ಈ ಬದಲಾವಣೆ ನನಗೆ ದೊಡ್ಡ ನಷ್ಟ" ಎಂದು ನೀವು ಸಾಬೀತು ಮಾಡಬೇಕಾಗಿಲ್ಲ. 2021ರ ಡಿಸೆಂಬರ್ 17ರ ನಂತರ ಆ ಹೊರೆ ಗ್ರಾಹಕರ ಮೇಲಿಲ್ಲ.

ಫೋನ್ ಮತ್ತು ಬ್ರಾಡ್‌ಬ್ಯಾಂಡ್ ಎರಡನ್ನೂ ಒಂದೇ ಪ್ಯಾಕೇಜಾಗಿ ತೆಗೆದುಕೊಂಡಿದ್ದರೆ ಇನ್ನೊಂದು ಅನುಕೂಲ ಇದೆ. ಅದರಲ್ಲಿ ಒಂದು ಭಾಗವನ್ನು ಬಿಡುವ ಹಕ್ಕು ಹುಟ್ಟಿದರೆ ಪೂರ್ತಿ ಪ್ಯಾಕೇಜನ್ನೇ ಬಿಡಬಹುದು. ಬ್ರಾಡ್‌ಬ್ಯಾಂಡ್‌ನ ದರ ಮಾತ್ರ ಬದಲಾಗಿದೆ, ಫೋನ್‌ಗೆ ದಂಡ ಕಟ್ಟಿ ಎಂದು ಹೇಳಿದರೆ ಒಪ್ಪಬೇಡಿ. ಆದರೆ ಒಂದೇ ಕಂಪನಿಯಲ್ಲಿ ಬೇರೆ ಬೇರೆ ದಿನ, ಬೇರೆ ಬೇರೆಯಾಗಿ ಮಾಡಿಸಿದ ಎರಡು ಕಾಂಟ್ರಾಕ್ಟ್‌ಗಳನ್ನು ಪ್ಯಾಕೇಜ್ ಎಂದು ತಾವೇ ಅಂದುಕೊಳ್ಳುವವರೂ ಇದ್ದಾರೆ. ಕಾಗದದಲ್ಲಿ ಎರಡೂ ಒಂದಕ್ಕೊಂದು ಜೋಡಿಸಿವೆಯೇ ಎಂದು ನೋಡಿಕೊಳ್ಳಿ.

30 ದಿನ ಎಲ್ಲಿಂದ ಶುರು

ಹಕ್ಕು ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಇಲ್ಲೇ ಕಳೆದುಕೊಳ್ಳುತ್ತಾರೆ. ಗಡುವಿನ ಲೆಕ್ಕ ಶುರುವಾಗುವುದು ತಿಳಿವಳಿಕೆ ಪತ್ರ ಬಂದ ದಿನದಿಂದ. ದರ ಏರುವ ದಿನದಿಂದ ಅಲ್ಲ, ಹೆಚ್ಚಿದ ಬಿಲ್ ಕೈಗೆ ಬಂದ ದಿನದಿಂದಲೂ ಅಲ್ಲ. ಏಪ್ರಿಲ್‌ನ ಏರಿಕೆಗೆ ಅಕ್ಟೋಬರ್‌ನಲ್ಲೋ ಫೆಬ್ರವರಿಯಲ್ಲೋ ಇಮೇಲ್ ಬಂದಿರಬಹುದು. ಅದು ಸ್ಪ್ಯಾಮ್‌ನಲ್ಲೋ ಪ್ರಮೋಷನ್ ಪಟ್ಟಿಯಲ್ಲೋ ಕೂತಿರಬಹುದು. "ನಿಮ್ಮ ಖಾತೆಯಲ್ಲಿ ಬದಲಾವಣೆ" ಎಂಬ ಸಪ್ಪೆ ಶೀರ್ಷಿಕೆಯ ಇಮೇಲನ್ನು ಯಾರು ತೆರೆದು ನೋಡುತ್ತಾರೆ? ಏಪ್ರಿಲ್ ಬಿಲ್ ನೋಡಿ ಎಚ್ಚರವಾಗುವಷ್ಟರಲ್ಲಿ 30 ದಿನ ಮುಗಿದು ತಿಂಗಳುಗಳೇ ಆಗಿರುತ್ತವೆ.

ಹಾಗಾಗಿ ಪತ್ರ ಬಂದ ತಕ್ಷಣ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಪತ್ರದ ತಾರೀಖು, ಕೊನೆಯ ದಿನ ಎಂದು ಅವರೇ ಹೇಳಿರುವ ತಾರೀಖು, ಹೊಸ ಮೊತ್ತ. ಪತ್ರದ ಸ್ಕ್ರೀನ್‌ಶಾಟ್ ತೆಗೆದಿಡಿ. ಪತ್ರವೇ ಬಂದಿಲ್ಲ, ಬಿಲ್ ಮಾತ್ರ ಏರಿದೆ, ಕಾಂಟ್ರಾಕ್ಟ್‌ನಲ್ಲೂ ಅದರ ಪ್ರಸ್ತಾಪ ಇಲ್ಲ ಎಂದಾದರೆ ಅದು ಬೇರೆಯೇ ದೂರು. ಆಗ ತಿಳಿವಳಿಕೆ ಕೊಟ್ಟ ದಾಖಲೆ ತೋರಿಸಿ ಎಂದು ಲಿಖಿತವಾಗಿ ಕೇಳಿ.

ಮೊಬೈಲ್ ಬಿಡುವ ಬಗೆ

2019ರ ಜುಲೈ 1ರಿಂದ ಮೊಬೈಲ್ ಬದಲಾಯಿಸಲು ಹಳೆಯ ಕಂಪನಿಗೆ ಕರೆ ಮಾಡಿ ಅವರ ಓಲೈಕೆ ಕೇಳುವ ಅಗತ್ಯವಿಲ್ಲ. ಎಸ್‌ಎಂಎಸ್ ಸಾಕು. ನಂಬರ್ ಉಳಿಸಿಕೊಳ್ಳಬೇಕಾದರೆ ಪಿ, ಎ, ಸಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು 65075ಕ್ಕೆ ಕಳುಹಿಸಿ. ನಂಬರ್ ಬೇಡ, ಸಂಪರ್ಕ ಮಾತ್ರ ಮುಗಿಯಬೇಕು ಎಂದಾದರೆ ಎಸ್, ಟಿ, ಎ, ಸಿ ಎಂದು 75075ಕ್ಕೆ. ಎರಡಕ್ಕೂ ಉತ್ತರವಾಗಿ, ಹೊಸ ಕಂಪನಿಗೆ ಕೊಡಬೇಕಾದ ಒಂದು ಕೋಡ್ ಬರುತ್ತದೆ. ಬಿಡುವ ತೀರ್ಮಾನ ಇನ್ನೂ ಆಗಿಲ್ಲ, ಬಿಟ್ಟರೆ ಎಷ್ಟು ಶುಲ್ಕ ಎಂದು ತಿಳಿದರೆ ಸಾಕು ಎನ್ನುವವರು ಇಂಗ್ಲಿಷ್‌ನಲ್ಲಿ ಇನ್ಫೋ ಎಂದು 85075ಕ್ಕೆ ಕಳುಹಿಸಬಹುದು. ಈ ಕೊನೆಯದನ್ನು ಮೊದಲು ಮಾಡುವುದು ಒಳ್ಳೆಯದು. ಉತ್ತರ ಒಂದು ನಿಮಿಷದೊಳಗೆ ಬರುತ್ತದೆ.

ಕೋಡ್‌ನ ಜೊತೆಗೇ ಬರುವ ಶುಲ್ಕದ ಮೊತ್ತವನ್ನು ಎಚ್ಚರದಿಂದ ಓದಿ. ದಂಡವಿಲ್ಲದೆ ಬಿಡುವ ಹಕ್ಕು ನಿಮಗಿದ್ದರೂ ಯಂತ್ರ ಕಳುಹಿಸುವ ಆ ಸಂದೇಶದಲ್ಲಿ ಪೂರ್ತಿ ಶುಲ್ಕ ಕಾಣಿಸಬಹುದು. ಆಗ ಕೋಡ್ ಬಳಸಬೇಡಿ. ಮೊದಲು ಕಂಪನಿಯ ಚಾಟ್‌ಗೆ ಹೋಗಿ, ಇಂಥ ತಾರೀಖಿನ ಪತ್ರದಂತೆ ನನಗೆ ಬಿಡುವ ಹಕ್ಕಿದೆ, ಶುಲ್ಕ ಸೊನ್ನೆ ಎಂದು ಬರೆದು ಖಚಿತಪಡಿಸಿ ಎಂದು ಕೇಳಿ. ಆ ಉತ್ತರ ಕೈಗೆ ಬಂದ ಮೇಲೆ ಮುಂದುವರಿಯಿರಿ. ಬರವಣಿಗೆಯಲ್ಲಿ ಸಿಕ್ಕ ಒಂದು ಸಾಲು, ಫೋನ್‌ನಲ್ಲಿ ಅರ್ಧ ಗಂಟೆ ಮಾತಾಡಿದ್ದಕ್ಕಿಂತ ಹೆಚ್ಚು ಬೆಲೆಬಾಳುತ್ತದೆ.

ಕೋಡ್‌ಗೆ 30 ದಿನ ಆಯಸ್ಸು. ಕೋಡ್ ತೆಗೆದುಕೊಂಡ ಮಾತ್ರಕ್ಕೆ ಸಂಪರ್ಕ ರದ್ದಾಗುವುದಿಲ್ಲ. ಹೊಸ ಕಂಪನಿಗೆ ಅದನ್ನು ಕೊಟ್ಟಾಗ ಮಾತ್ರ ಹಳೆಯದು ತಾನಾಗಿ ಮುಗಿಯುತ್ತದೆ, ಅದೂ ಒಂದು ಕೆಲಸದ ದಿನದೊಳಗೆ. ಕೋಡ್ ಪಡೆದು ಸುಮ್ಮನಿದ್ದವರ ಕಾಂಟ್ರಾಕ್ಟ್ ಹಾಗೇ ಮುಂದುವರಿಯುತ್ತದೆ, ಬಿಡುವ ಗಡುವೂ ಜಾರಿಹೋಗುತ್ತದೆ. ಇನ್ನೊಂದು ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು: ಕರೆ ಮಾಡಿ "ಕ್ಯಾನ್ಸಲ್ ಮಾಡಿ" ಎಂದು ಮೊದಲೇ ಹೇಳಿಬಿಡುವುದು. ಸಂಪರ್ಕ ಮುಚ್ಚಿದ ಮೇಲೆ ನಂಬರ್ ಹಿಂದೆ ಪಡೆಯುವುದು ತಲೆನೋವಿನ ಕೆಲಸ. ಬ್ಯಾಂಕು, ವೈದ್ಯರ ಕ್ಲಿನಿಕ್ಕು, ಮನೆ ಮಾಲೀಕರು ಎಲ್ಲರ ಬಳಿ ಇರುವುದು ಆ ನಂಬರೇ.

ಹ್ಯಾಂಡ್‌ಸೆಟ್‌ನ ಸಾಲ ಬೇರೆ ಮಾತು. ಈಗ ಹಲವು ಕಂಪನಿಗಳು ಕಾಲ್ ಮತ್ತು ಡೇಟಾಕ್ಕೆ ಒಂದು ಕಾಂಟ್ರಾಕ್ಟ್, ಫೋನ್ ಉಪಕರಣಕ್ಕೆ ಒಂದು ಸಾಲದ ಕರಾರು ಹೀಗೆ ಎರಡು ಮಾಡಿಸುತ್ತವೆ. ದಂಡವಿಲ್ಲದೆ ಬಿಡಬಹುದು ಎಂದರೆ ಫೋನ್ ಪುಕ್ಕಟೆ ಸಿಕ್ಕಿತು ಎಂದಲ್ಲ. ಉಪಕರಣ ಇಟ್ಟುಕೊಂಡರೆ ಅದರ ಬಾಕಿ ಕಟ್ಟಲೇಬೇಕು. ಹಲವು ಕರಾರುಗಳಲ್ಲಿ ಕಾಲ್ ಪ್ಲ್ಯಾನ್ ಬಿಟ್ಟ ಕೂಡಲೇ ಉಪಕರಣದ ಬಾಕಿಯನ್ನು ಒಟ್ಟಿಗೆ ಕಟ್ಟಬೇಕೆಂಬ ಷರತ್ತು ಇರುತ್ತದೆ. 24 ತಿಂಗಳಲ್ಲಿ 16 ಉಳಿದಿದ್ದು ತಿಂಗಳಿಗೆ 25 ಪೌಂಡ್ ಆದರೆ 400 ಪೌಂಡ್ ಒಮ್ಮೆಗೇ ಬೇಕು. ಏರಿಕೆಯಿಂದ ಉಳಿಸುವ ಎಂಟು ಹತ್ತು ಪೌಂಡ್‌ಗಾಗಿ ಕೈಯಲ್ಲಿರುವ 400 ಪೌಂಡ್ ಕೊಡುವುದು ಸರಿಯೇ ಎಂದು ಯೋಚಿಸಿ. ಬರೀ ಸಿಮ್ ಇರುವವರಿಗೆ ಈ ಚಿಂತೆ ಇಲ್ಲ.

ಬ್ರಾಡ್‌ಬ್ಯಾಂಡ್ ಮತ್ತು ಮನೆಯ ಫೋನ್

2024ರ ಸೆಪ್ಟೆಂಬರ್ 12ರಿಂದ ಒನ್ ಟಚ್ ಸ್ವಿಚ್ ಎಂಬ ವ್ಯವಸ್ಥೆ ಬಂದಿದೆ. ನೀವು ಮಾತಾಡಬೇಕಾದದ್ದು ಹೊಸ ಕಂಪನಿಯೊಂದಿಗೆ ಮಾತ್ರ. ಹೆಸರು, ವಿಳಾಸ, ಈಗಿನ ಕಂಪನಿ ಯಾವುದು ಎಂದು ಹೇಳಿದರೆ ಅವರು ಹಳೆಯ ಕಂಪನಿಯ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ಬಿಟ್ಟರೆ ಎಷ್ಟು ಶುಲ್ಕ, ಯಾವ ಸೇವೆಗಳು ನಿಲ್ಲುತ್ತವೆ ಎಂಬ ಮಾಹಿತಿ ಹಳೆಯ ಕಂಪನಿಯಿಂದ ನಿಮಗೆ ಬರುತ್ತದೆ. ಒಪ್ಪಿದರೆ ಹೊಸ ಸಂಪರ್ಕ ಶುರುವಾಗುವ ದಿನ ಹಳೆಯದು ತಾನಾಗಿ ಮುಗಿಯುತ್ತದೆ. ಆ ದಿನದ ನಂತರದ ದಿನಗಳಿಗೆ ನೋಟಿಸ್ ಅವಧಿ ಎಂದು ಹಣ ಕೇಳುವಂತಿಲ್ಲ.

ಈ ತಾಳೆ ತಪ್ಪುವುದು ಹೆಸರಿನಲ್ಲಿ ಮತ್ತು ವಿಳಾಸದಲ್ಲಿ. ನಮ್ಮವರಿಗೆ ಇದು ತುಸು ಹೆಚ್ಚೇ ಕಾಡುವ ತೊಂದರೆ. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಸರ್‌ನೇಮ್ ಆಗಿರುತ್ತದೆ, ಬಿಲ್‌ನಲ್ಲಿ ಇನಿಷಿಯಲ್ ಇರುತ್ತದೆ, ಕೆಲವರಿಗೆ ಸರ್‌ನೇಮ್ ಜಾಗದಲ್ಲಿ ಊರಿನ ಹೆಸರು, ಇನ್ನು ಕೆಲವರದು ಹೆಸರು ಹಿಂದುಮುಂದು. ವ್ಯವಸ್ಥೆ ತಾಳೆ ನೋಡುವುದು ಸರ್‌ನೇಮನ್ನು. ಆದ್ದರಿಂದ ಹಳೆಯ ಬಿಲ್ಲನ್ನು ಮುಂದಿಟ್ಟುಕೊಂಡು, ಅದರಲ್ಲಿ ತಪ್ಪಾಗಿಯೇ ಇದ್ದರೂ, ಅಲ್ಲಿರುವ ಹಾಗೆಯೇ ಹೆಸರು ಕೊಡಿ. ಫ್ಲ್ಯಾಟ್ ನಂಬರನ್ನೂ ಬಿಲ್‌ನಲ್ಲಿ ಬರೆದ ಹಾಗೆಯೇ ಹೇಳಿ. ಖಾತೆ ಸಂಖ್ಯೆ ಕೊಟ್ಟರೆ ಹುಡುಕುವುದು ಸುಲಭ. ಹಲವರು ಸೇರಿ ಇರುವ ಮನೆಯಲ್ಲಿ ಬಿಲ್ ಯಾರ ಹೆಸರಲ್ಲಿದೆಯೋ ಅವರೇ ಇದನ್ನು ಮಾಡಬೇಕು, ಶುಲ್ಕದ ಹೊಣೆಯೂ ಅವರೊಬ್ಬರದೇ. ಜೊತೆಗಿದ್ದವರು ಮನೆ ಬಿಟ್ಟುಹೋದರೂ ಕಂಪನಿ ಕೇಳುವುದು ಕಾಂಟ್ರಾಕ್ಟ್‌ನಲ್ಲಿರುವ ಹೆಸರನ್ನು ಮಾತ್ರ.

ಈ ವ್ಯವಸ್ಥೆ ಅದೇ ಮನೆಯಲ್ಲಿ ಕಂಪನಿ ಬದಲಿಸುವವರಿಗೆ. ಮನೆ ಬದಲಿಸುವವರು ಹಳೆಯ ಕಂಪನಿಗೆ ತಾವೇ ನೋಟಿಸ್ ಕೊಡಬೇಕು. ಟಿವಿ ಚಂದಾ ಇದರಲ್ಲಿ ಬರುವುದಿಲ್ಲ. ಬ್ರಾಡ್‌ಬ್ಯಾಂಡ್ ಹೋದ ಮೇಲೂ ಟಿವಿ ಹಣ ಕಟ್ಟುತ್ತಲೇ ಇರುವವರು ಇದ್ದಾರೆ, ಅದನ್ನು ಬೇರೆಯಾಗಿ ನಿಲ್ಲಿಸಿ.

ಮನೆಯ ಫೋನ್ ನಂಬರಿನ ವಿಷಯದಲ್ಲಿ ಈಗ ಹೆಚ್ಚಿನ ಎಚ್ಚರ ಬೇಕು. ಬ್ರಿಟನ್‌ನ ಹಳೆಯ ತಾಮ್ರದ ತಂತಿಯ ಫೋನ್ ಜಾಲವನ್ನು 2027ರ ಜನವರಿ 31ರೊಳಗೆ ಮುಚ್ಚುವುದೆಂದು ಗೊತ್ತುಮಾಡಿದ್ದಾರೆ. ಬಹಳ ಮನೆಗಳಲ್ಲಿ ಲ್ಯಾಂಡ್‌ಲೈನ್ ಈಗಾಗಲೇ ರೌಟರ್ ಮೂಲಕ, ಬ್ರಾಡ್‌ಬ್ಯಾಂಡ್ ಮೇಲೆ ಓಡುತ್ತಿದೆ. ಬ್ರಾಡ್‌ಬ್ಯಾಂಡ್ ನಿಂತರೆ ಫೋನೂ ನಿಲ್ಲುತ್ತದೆ. ನಂಬರ್ ಬೇಕಿದ್ದರೆ ಹೊಸ ಕಂಪನಿಗೆ ಆರ್ಡರ್ ಕೊಡುವಾಗಲೇ "ಈ ನಂಬರ್ ತರಬೇಕು" ಎಂದು ಹೇಳಿ, ಅವರು ಲ್ಯಾಂಡ್‌ಲೈನ್ ಸೇವೆ ಕೊಡುತ್ತಾರೆಯೇ ಎಂದೂ ಕೇಳಿ. ಬರೀ ಇಂಟರ್‌ನೆಟ್ ಮಾರುವ ಕಂಪನಿಗಳೂ ಇವೆ. ವಯಸ್ಸಾದವರು ಕುತ್ತಿಗೆಗೆ ಹಾಕಿಕೊಳ್ಳುವ ತುರ್ತು ಗುಂಡಿಯ ಅಲಾರಂ ಮನೆಯಲ್ಲಿದ್ದರೆ ಅದು ಲ್ಯಾಂಡ್‌ಲೈನ್ ಮೂಲಕವೇ ಕೆಲಸ ಮಾಡುತ್ತಿರಬಹುದು. ಆ ಅಲಾರಂ ಒದಗಿಸಿದವರನ್ನು ಕೇಳದೆ ಸಂಪರ್ಕ ಬದಲಿಸಲೇಬೇಡಿ. ದರದ ಉಳಿತಾಯ ಇದಕ್ಕಿಂತ ದೊಡ್ಡದಲ್ಲ.

ಸೇವೆ ಮುಗಿದ ಮೇಲೆ ರೌಟರ್ ಹಿಂದಿರುಗಿಸಬೇಕೇ ಎಂದು ನೋಡಿ. ಕಳಿಸದಿದ್ದರೆ ಅದರ ಬೆಲೆಯನ್ನು ಕೊನೆಯ ಬಿಲ್‌ಗೆ ಸೇರಿಸುತ್ತಾರೆ. ಪೋಸ್ಟ್ ಆಫೀಸಿನಲ್ಲಿ ಕೊಟ್ಟ ರಸೀದಿಯನ್ನು ಜೋಪಾನ ಮಾಡಿ, ಪಾರ್ಸೆಲ್ ಕಳೆದುಹೋದರೆ ಅದೇ ಆಧಾರ. ಹಲವು ಕಂಪನಿಗಳು ಹಂಚಿಕೊಂಡು ಬಳಸುವ ಓಪನ್‌ರೀಚ್ ಜಾಲದ ಫೈಬರ್ ಇರುವ ಮನೆಗಳಲ್ಲಿ ಗೋಡೆಗೆ ಹಾಕಿದ ಚಿಕ್ಕ ಬಿಳಿ ಪೆಟ್ಟಿಗೆಯನ್ನು ಮಾತ್ರ ಕೀಳಬೇಡಿ. ಅದು ರೌಟರ್ ಅಲ್ಲ, ಮನೆಯಲ್ಲೇ ಉಳಿಯಬೇಕಾದದ್ದು. ಅದೇ ಜಾಲವನ್ನು ಬಳಸುವ ಹೊಸ ಕಂಪನಿಗೂ ಅದೇ ಬೇಕಾಗುತ್ತದೆ.

ಹಕ್ಕು ಇಲ್ಲದಿದ್ದರೆ

ಕಾಂಟ್ರಾಕ್ಟ್‌ನಲ್ಲಿ ಬರೆದಷ್ಟೇ ಏರಿದೆ ಎಂದಾದರೆ ಲೆಕ್ಕ ಹಾಕಿ ನೋಡುವುದೇ ದಾರಿ. ತಿಂಗಳಿಗೆ 32 ಪೌಂಡ್‌ನ ಬ್ರಾಡ್‌ಬ್ಯಾಂಡ್, ಪ್ರತಿ ಏಪ್ರಿಲ್‌ನಲ್ಲಿ 3 ಪೌಂಡ್ ಏರಿಕೆ, ಈ ಏಪ್ರಿಲ್‌ನಿಂದ ಎಣಿಸಿದರೆ 15 ತಿಂಗಳು ಬಾಕಿ ಎಂದುಕೊಳ್ಳಿ. ಮೊದಲ 12 ತಿಂಗಳು 3 ಪೌಂಡ್‌ನಂತೆ 36. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ 3 ಸೇರಿ ಉಳಿದ 3 ತಿಂಗಳು 6 ಪೌಂಡ್‌ನಂತೆ 18. ಒಟ್ಟು 54 ಪೌಂಡ್. ಬಿಟ್ಟರೆ ಕೇಳುವ ಶುಲ್ಕಕ್ಕೆ ಆಧಾರ ಉಳಿದ ತಿಂಗಳುಗಳ ಬಾಡಿಗೆ. ಅದು ಪೂರ್ತಿ ಬಾಕಿಯನ್ನು ಮೀರುವಂತಿಲ್ಲ, ನಿಮಗೆ ಸೇವೆ ಕೊಡದೆ ಕಂಪನಿಗೆ ಉಳಿಯುವ ಖರ್ಚನ್ನೂ ಅದರಲ್ಲಿ ಕಳೆಯಬೇಕು. ಕಳೆದ ಮೇಲೂ ಅದು ನೂರಾರು ಪೌಂಡ್ ಆಗಬಹುದು. 54 ಪೌಂಡ್ ತಪ್ಪಿಸಲು ನೂರಾರು ಪೌಂಡ್ ಕಟ್ಟುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಕೋಪ ನ್ಯಾಯವಾದದ್ದೇ, ಆದರೂ ಇಂಥಲ್ಲಿ ಕಾದು, ಅವಧಿ ಮುಗಿದ ದಿನವೇ ಬಿಡುವುದು ಲಾಭ. ಹೊಸ ಕಂಪನಿ ಹಳೆಯ ಶುಲ್ಕವನ್ನು ತಾನೇ ಭರಿಸುತ್ತದೆ ಎಂಬ ಕೊಡುಗೆ ಇದ್ದರೆ ಲೆಕ್ಕ ಬದಲಾಗಬಹುದು. ಎಷ್ಟರವರೆಗೆ, ಯಾವ ದಾಖಲೆ ಕೇಳುತ್ತಾರೆ ಎಂದು ಓದಿಕೊಳ್ಳಿ.

ಅವಧಿ ಮುಗಿಯುವ ದಿನ ಮರೆಯದಿರಲು ಕಂಪನಿಯೇ 10ರಿಂದ 40 ದಿನ ಮುಂಚೆ ತಿಳಿಸಬೇಕು. 2020ರ ಫೆಬ್ರವರಿಯಿಂದ ಈ ನಿಯಮ ಇದೆ. ಆ ಸಂದೇಶದಲ್ಲಿ ಈಗಿನ ದರ, ಅವಧಿ ಮುಗಿದ ಮೇಲಿನ ದರ, ಅದೇ ಕಂಪನಿಯ ಅಗ್ಗದ ಪ್ಲ್ಯಾನ್ ಎಲ್ಲವೂ ಇರುತ್ತವೆ. ಅವಧಿ ಮುಗಿದ ಮೇಲೂ ಸುಮ್ಮನಿರುವವರು ಅನೇಕ ಕಡೆ ಹೆಚ್ಚಿನ ದರ ಕಟ್ಟುತ್ತಿರುತ್ತಾರೆ, ಆದರೆ ಅವರಿಗೆ ಯಾವಾಗ ಬೇಕಾದರೂ ಬಿಡುವ ಸ್ವಾತಂತ್ರ್ಯ ಇದೆ. ಆ ಹಂತದಲ್ಲಿ ಕರೆ ಮಾಡಿ ಬಿಡುತ್ತೇನೆ ಎಂದರೆ ದರ ಇಳಿಸುವುದು ಸಾಮಾನ್ಯ. ಒಂದೇ ಎಚ್ಚರಿಕೆ: ಇಳಿಸಿದ ದರಕ್ಕೆ ಹೂಂ ಎಂದರೆ ಹೊಸದಾಗಿ 24 ತಿಂಗಳು ಶುರುವಾಗಬಹುದು. 30 ದಿನದ ಗಡುವಿನೊಳಗೆ ಹೀಗೆ ಒಪ್ಪಿದರೆ ಕೈಯಲ್ಲಿದ್ದ ಬಿಡುವ ಹಕ್ಕೂ ಹೋಗುತ್ತದೆ. ಫೋನ್‌ನಲ್ಲೋ ಆನ್‌ಲೈನ್‌ನಲ್ಲೋ ಹೊಸ ಕಾಂಟ್ರಾಕ್ಟ್‌ಗೆ ಒಪ್ಪಿದ್ದರೆ 14 ದಿನದೊಳಗೆ ಮನಸ್ಸು ಬದಲಾಯಿಸಬಹುದು, ಅಷ್ಟು ದಿನ ಬಳಸಿದ ಸೇವೆಗೆ ಹಣ ಕೊಟ್ಟರಾಯಿತು.

ಬ್ರಾಡ್‌ಬ್ಯಾಂಡ್‌ಗೆ ಇನ್ನೊಂದು ಬಾಗಿಲಿದೆ: ವೇಗ. ಆಫ್‌ಕಾಮ್‌ನ ವೇಗದ ಸಂಹಿತೆಗೆ ಒಪ್ಪಿರುವ ಕಂಪನಿಗಳು ಕಾಂಟ್ರಾಕ್ಟ್‌ನಲ್ಲಿ ಕನಿಷ್ಠ ಖಾತರಿ ವೇಗವನ್ನು ಬರೆದಿರಬೇಕು. ಅದಕ್ಕಿಂತ ಕೆಳಗಿದ್ದರೆ ಸರಿಪಡಿಸಲು 30 ದಿನ ಕೊಡಿ. ಆಗದಿದ್ದರೆ ದಂಡವಿಲ್ಲದೆ ಬಿಡಬಹುದು. ವೇಗವನ್ನು ವೈಫೈನಲ್ಲಿ ಅಳೆಯಬೇಡಿ, ಗೋಡೆ ದಾಟುವಾಗ ಇಳಿದಿದ್ದಕ್ಕೆ ಕಂಪನಿ ಹೊಣೆಯಲ್ಲ ಎಂದುಬಿಡುತ್ತಾರೆ. ರೌಟರ್‌ಗೆ ಕೇಬಲ್ ಹಾಕಿ, ಕೆಲವು ದಿನ ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಬರೆದಿಡಿ.

ಡೈರೆಕ್ಟ್ ಡೆಬಿಟ್‌ಗೆ ಕೈಹಾಕಬೇಡಿ

ಸಿಟ್ಟಿನಲ್ಲಿ ಬ್ಯಾಂಕ್ ಆ್ಯಪ್ ತೆರೆದು, ಬಿಲ್ ಹಣ ಖಾತೆಯಿಂದ ತಾನಾಗಿ ಹೋಗುವ ಡೈರೆಕ್ಟ್ ಡೆಬಿಟ್ ನಿಲ್ಲಿಸಿಬಿಟ್ಟರೆ ಕಾಂಟ್ರಾಕ್ಟ್ ರದ್ದಾಗುವುದಿಲ್ಲ, ಬಾಕಿ ಮಾತ್ರ ಬೆಳೆಯುತ್ತದೆ. ಬಾಕಿಯ ಸುದ್ದಿ ಜನರ ಸಾಲದ ಇತಿಹಾಸ ದಾಖಲಿಸುವ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಸಂಸ್ಥೆಗಳಿಗೆ ಹೋಗುತ್ತದೆ. ಡಿಫಾಲ್ಟ್ ಎಂದು ದಾಖಲಾದರೆ ಅದು 6 ವರ್ಷ ಅಳಿಯುವುದಿಲ್ಲ. ಮುಂದೆ ಮನೆಸಾಲ ಕೇಳುವಾಗ ಮೂವತ್ತು ಪೌಂಡ್‌ನ ಫೋನ್ ಬಿಲ್ ಎದ್ದುಬಂದು ಅಡ್ಡ ನಿಲ್ಲುತ್ತದೆ. ಕೊನೆಯ ಬಿಲ್ ಬಂದು ಚುಕ್ತಾ ಆಗುವವರೆಗೆ ಡೆಬಿಟ್ ಇರಲಿ. ಮುಂಗಡ ಕಟ್ಟಿದ್ದರಲ್ಲಿ ಉಳಿದ ದಿನಗಳ ಹಣ ವಾಪಸ್ ಬರಬೇಕು, ಅದನ್ನೂ ನೋಡಿಕೊಳ್ಳಿ. ತಪ್ಪಾಗಿ ಹೆಚ್ಚು ಹಣ ಕಿತ್ತಿದ್ದರೆ ಡೈರೆಕ್ಟ್ ಡೆಬಿಟ್ ಗ್ಯಾರಂಟಿಯಡಿ ಬ್ಯಾಂಕಿನಿಂದ ಹಿಂದೆ ಪಡೆಯಬಹುದು.

ಕಂಪನಿ ಒಪ್ಪದಿದ್ದರೆ

ವಾದ ಬೇಡ, ದೂರು ದಾಖಲಿಸಿ. "ಇದನ್ನು ಔಪಚಾರಿಕ ದೂರಾಗಿ ದಾಖಲಿಸಿ, ಸಂಖ್ಯೆ ಕೊಡಿ" ಎಂದು ಕೇಳುವುದಕ್ಕೂ ಚಾಟ್‌ನಲ್ಲಿ ಬೇಸರ ತೋಡಿಕೊಳ್ಳುವುದಕ್ಕೂ ಬಹಳ ಅಂತರ ಇದೆ, ಏಕೆಂದರೆ ಮುಂದಿನ ಗಡುವು ಶುರುವಾಗುವುದು ದೂರು ದಾಖಲಾದ ದಿನದಿಂದ. ದೂರಿನಲ್ಲಿ ನಾಲ್ಕು ಸಂಗತಿ ಸಾಕು: ಕಾಂಟ್ರಾಕ್ಟ್‌ನ ತಾರೀಖು ಮತ್ತು ಅದರಲ್ಲಿ ಏರಿಕೆಯ ಬಗ್ಗೆ ಇರುವ ಸಾಲು, ತಿಳಿವಳಿಕೆ ಪತ್ರದ ತಾರೀಖು ಮತ್ತು ಹೊಸ ಮೊತ್ತ, ಬಿಡುತ್ತೇನೆ ಎಂದು ನೀವು ಹೇಳಿದ ದಿನ, ನಿಮಗೆ ಬೇಕಾದ ಪರಿಹಾರ. ಸಮರಿ ಪಿಡಿಎಫ್ ಮತ್ತು ಪತ್ರ ಎರಡನ್ನೂ ಲಗತ್ತಿಸಿ.

ಕಂಪನಿ "ಇದಕ್ಕಿಂತ ಹೆಚ್ಚು ಏನೂ ಮಾಡಲಾರೆವು" ಎಂದು ಡೆಡ್‌ಲಾಕ್ ಪತ್ರ ಕೊಟ್ಟರೆ ತಕ್ಷಣ, ಕೊಡದಿದ್ದರೆ ದೂರಿನ 6 ವಾರದ ನಂತರ ಹೊರಗಿನ ತೀರ್ಪುಗಾರರ ಬಳಿ ಹೋಗಬಹುದು. 2026ರ ಏಪ್ರಿಲ್‌ಗೆ ಮುಂಚೆ ಈ ಕಾಯುವ ಅವಧಿ 8 ವಾರ ಇತ್ತು. ಇಂಥ ಸಂಸ್ಥೆಗಳು ಎರಡು: ಕಮ್ಯುನಿಕೇಷನ್ಸ್ ಓಂಬುಡ್ಸ್‌ಮನ್ ಮತ್ತು ಸಿಸಾಸ್. ಪ್ರತಿ ಕಂಪನಿಯೂ ಇವೆರಡರಲ್ಲಿ ಒಂದರ ಸದಸ್ಯ ಆಗಿರಲೇಬೇಕು. ಗ್ರಾಹಕರಿಗೆ ಖರ್ಚಿಲ್ಲ. ತೀರ್ಪನ್ನು ನೀವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು. ನೀವು ಒಪ್ಪದಿದ್ದರೆ ನ್ಯಾಯಾಲಯದ ದಾರಿ ತೆರೆದೇ ಇರುತ್ತದೆ. ಆಫ್‌ಕಾಮ್‌ಗೆ ಬರೆದರೆ ಅವರು ನಿಯಮಪಾಲನೆಯ ಮೇಲೆ ಕಣ್ಣಿಡಲು ಆ ಮಾಹಿತಿ ಬಳಸುತ್ತಾರೆ, ಒಬ್ಬೊಬ್ಬರ ದೂರನ್ನು ಬಗೆಹರಿಸಿ ಕೊಡುವುದಿಲ್ಲ. ಎಷ್ಟೋ ಜನ ಅಲ್ಲಿಗೆ ಬರೆದು ಕಾಯುತ್ತಾ ತಿಂಗಳು ಕಳೆಯುತ್ತಾರೆ.

ಊರಿಗೆ ಮರಳುವವರಿಗೆ

ಒಂದು ವರ್ಷದ ಮಾಸ್ಟರ್ಸ್ ಓದಲು ಬಂದು ಮೊದಲ ವಾರದಲ್ಲೇ ಅಂಗಡಿಯವರು ಹೇಳಿದ 24 ತಿಂಗಳ ಕಾಂಟ್ರಾಕ್ಟ್‌ಗೆ ಸಹಿ ಹಾಕಿದ ವಿದ್ಯಾರ್ಥಿಗಳ ಕಷ್ಟ ನೋಡಿದರೆ ಸಂಕಟವಾಗುತ್ತದೆ. ದೇಶ ಬಿಡುವುದು ದಂಡವಿಲ್ಲದೆ ಬಿಡಲು ತಾನಾಗಿ ಕಾರಣವಾಗುವುದಿಲ್ಲ. ಬರುವವರಿಗೆ ನಮ್ಮ ಮಾತು ಒಂದೇ: 30 ದಿನದ ಸಿಮ್ ಅಥವಾ ಪೇ ಆ್ಯಸ್ ಯು ಗೋ (ಊರಿನ ಪ್ರಿಪೇಯ್ಡ್‌ನಂಥ) ಸಿಮ್ ತೆಗೆದುಕೊಳ್ಳಿ. ಬ್ರಾಡ್‌ಬ್ಯಾಂಡ್ ಕೂಡ ತಿಂಗಳ ಲೆಕ್ಕದಲ್ಲಿ ಕೊಡುವವರಿದ್ದಾರೆ. ದರ ತುಸು ಹೆಚ್ಚಾದರೂ ಬಾಲ ಇರುವುದಿಲ್ಲ. ಈಗಾಗಲೇ ಸಿಕ್ಕಿಕೊಂಡವರಿಗೆ ಮಾತ್ರ ದರ ಏರಿಕೆಯ ಪತ್ರ ವರವಾಗಬಹುದು. ಅದು ಕಾಂಟ್ರಾಕ್ಟ್‌ನಲ್ಲಿ ಇಲ್ಲದ ಏರಿಕೆಯಾಗಿದ್ದರೆ ಉಳಿದ ಅಷ್ಟೂ ತಿಂಗಳಿನಿಂದ ಬಿಡುಗಡೆ. ಆದ್ದರಿಂದ ಅಂಥ ಇಮೇಲನ್ನು ಬೈದು ಅಳಿಸುವ ಮೊದಲು ಸಮರಿಯ ಪಕ್ಕದಲ್ಲಿಟ್ಟು ಓದಿ.

ವಿಮಾನ ಹತ್ತುವ ಮೊದಲು ನಂಬರನ್ನು ಪೇ ಆ್ಯಸ್ ಯು ಗೋ ಸಿಮ್‌ಗೆ ವರ್ಗಾಯಿಸಿಕೊಂಡರೆ ಬ್ರಿಟನ್ ಬ್ಯಾಂಕಿನ ಒಟಿಪಿ ಮೈಸೂರಿನಲ್ಲೂ ಹುಬ್ಬಳ್ಳಿಯಲ್ಲೂ ಬರುತ್ತದೆ, ರೋಮಿಂಗ್ ಇರುವ ಕಂಪನಿ ಆರಿಸಿಕೊಂಡಿದ್ದರೆ. ವರ್ಗಾವಣೆಗೆ ಒಂದು ಕೆಲಸದ ದಿನ ಬೇಕಾದ್ದರಿಂದ ಶುಕ್ರವಾರ ಸಂಜೆ ಕೋಡ್ ಕೊಟ್ಟು ಭಾನುವಾರ ಹೊರಡಬೇಡಿ, ಮೂರು ನಾಲ್ಕು ದಿನ ಮುಂಚೆಯೇ ಮುಗಿಸಿ. ಕೆಲವು ತಿಂಗಳು ಬಳಸದ ಸಿಮ್ಮನ್ನು ಕಂಪನಿಗಳು ಮುಚ್ಚುತ್ತವೆ. ಎಷ್ಟು ದಿನಕ್ಕೊಮ್ಮೆ ಹಣ ಖರ್ಚಾಗುವ ಕರೆಯೋ ಮೆಸೇಜೋ ಮಾಡಬೇಕು ಎಂದು ಕೇಳಿಕೊಂಡು, ಆ ತಾರೀಖನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಹಾಕಿಡಿ.